ಹತ್ತನೆಯ ಪೆಟ್ಟು

ಕಮ್ಮಾರ ಕಾಕಾನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಅಲ್ಲಿ ತೊಗಲು ಹುಣಸೆ ಬೀಜದಂತೆ ಕಪ್ಪಗೆ ಗಟ್ಟಿಯಾಗಿತ್ತು. ಮೊಳಕೈವರೆಗೆ ಕಿಡಿ ಸುಟ್ಟ ಬಿಳಿ ಚುಕ್ಕೆಗಳು. ಆ ಕೈ ಮೊದಲ ಸಲ ನನ್ನ ಕಂಪ್ಯೂಟರಿನ ಮೇಲೆ ಇಳಿದಾಗ ಏನಾದರೂ ಮುರಿದಾರೆಂದು ಹೆದರಿದ್ದೆ. ಅವರು ಏನೂ ಮುರಿಯಲಿಲ್ಲ. ಮುರಿದವಳು ನಾನು.

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದೆ ನನ್ನ ಝರಾಕ್ಸ್ ಅಂಗಡಿ. ಅವ್ವ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಗಿರಾಕಿಗಳಿಲ್ಲದ ಮಧ್ಯಾಹ್ನ ಕತ್ತಿ ಹಿಡಿದು ರಾಕ್ಷಸರನ್ನು ಕಡಿಯುವ ಆಟ ಆಡುತ್ತಿದ್ದೆ. ನಲವತ್ತು ದಾಟಿದ ಹೆಂಗಸಿಗೆ ಇದೆಂಥ ಹುಚ್ಚು ಎಂದು ಓಣಿಯವರು ನಗುತ್ತಿದ್ದರು. ನಗಲಿ, ಅವರಪ್ಪನ ಗಂಟೇನು ಹೋಯಿತು!

ಒಂದು ದಿನ ಸಂಪಗಾಂವದಿಂದ ಪಿಂಚಣಿ ಅರ್ಜಿ ತುಂಬಿಸಲು ಬಂದ ಕಾಕಾ, ಆಟದೊಳಗಿನ ಕುಲುಮೆಯ ಠಣ್ ಠಣ್ ಕೇಳಿ ಬಾಗಿಲಲ್ಲೇ ನಿಂತರು. ಪರದೆಯ ಮೇಲಿನ ಕಮ್ಮಾರನನ್ನು ನೋಡಿ ಸಿಟ್ಟೇ ಬಂತು ಅವರಿಗೆ.

"ಯಾರವ್ವಾ ಅಂವಾ? ಕಬ್ಬಿಣ ಕೆಂಪಾಗೂಕಿಂತ ಮೊದಲ ಬಡಿಯಾಕ ಹತ್ಯಾನಲ್ಲ! ಕಾಯಸೋ ಮೊದಲ!"

ರೆಡಿಮೇಡ್ ಸಾಮಾನು ಬಂದು ಅವರ ಕುಲುಮೆ ಆರಿತ್ತು. ಹೆಂಡತಿಯೂ ತೀರಿದ್ದರು. "ಮನ್ಯಾಗ ಸಪ್ಪಳನ ಇಲ್ಲವ್ವಾ," ಎಂದರು. ಅದು ನನ್ನ ಮನೆಯ ಮಾತೂ ಆಗಿತ್ತು. ಎರಡನೆಯ ಕಂಪ್ಯೂಟರಿನಲ್ಲಿ ಅವರಿಗೊಂದು ಖಾತೆ ತೆರೆದುಕೊಟ್ಟೆ. ಅಂದಿನಿಂದ ಮಧ್ಯಾಹ್ನದ ಬಸ್ಸಿಗೆ ಬಂದುಬಿಡುವರು.

ಆಟ ಶುರುವಾದಾಗ ಎಲ್ಲರಿಗೂ ಒಂದು ತುಕ್ಕು ಕತ್ತಿ ಸಿಗುತ್ತದೆ. ಒಳ್ಳೆಯದು ಸಿಕ್ಕೊಡನೆ ಎಲ್ಲರೂ ಅದನ್ನು ಮಾರುತ್ತಾರೆ. ಕಾಕಾ ಮಾರಲಿಲ್ಲ. "ಇದರ ಹೊಟ್ಟ್ಯಾಗ ಇನ್ನಾ ಕಬ್ಬಿಣ ಐತಿ," ಎಂದು ಅದಿರು ಕೂಡಿಸಿ, ಹಿಡಿಕೆಗೆ ಹರಳು ಕೂಡಿಸಿ, ಅದನ್ನೇ ಒಂದೊಂದು ಮೆಟ್ಟಿಲು ಏರಿಸಿದರು. ಏರಿಸುವಾಗ ಕೈಗೂಡದಿದ್ದರೆ ಕತ್ತಿ ಚೂರಾಗುತ್ತದೆ. ಒಂಬತ್ತನೆಯ ಮೆಟ್ಟಿಲಿಗೆ ಅವರು ನಿಂತರು. ಹತ್ತೇ ಕೊನೆ, ಇನ್ನೊಂದೇ ಒಂದು ಎಂದು ನಾನು ಗಂಟುಬಿದ್ದೆ.

"ಸಾಕು ಬಿಡವ್ವಾ. ಇನ್ನೊಂದು ಪೆಟ್ಟು ಇದು ತಾಳಂಗಿಲ್ಲ. ಎಲ್ಲಿ ನಿಲ್ಲಸಬೇಕಂತ ಗೊತ್ತಿದ್ದಂವನ ಕಮ್ಮಾರ."

ಮಹಾನವಮಿಗೆ, ಖಂಡೇಪೂಜೆಯ ದಿನ, ಮುಂಜಾನೆಯೇ ಬಂದರು. ಅವತ್ತು ಸುತ್ತಿಗೆ, ಅಡಿಗಲ್ಲು ಎಲ್ಲಕ್ಕೂ ಪೂಜೆ. ಮರುದಿನ ಬನ್ನಿ ಮುಡಿಯುವವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ಕತ್ತಿಯನ್ನು ಆಟದ ಪೆಟ್ಟಿಗೆಯೊಳಗೆ ಇಟ್ಟು, ಪರದೆಯ ಅಂಚಿಗೆ ಕುಂಕುಮ ಹಚ್ಚಿದರು.

"ಕಾಕಾ, ಪರದೆ ಹಾಳಾಗತೈತ್ರಿ!"

"ಆಯುಧ ಅಂದ್ರ ಆಯುಧನವ್ವಾ. ಇವತ್ತ ಅದಕ್ಕ ಸೂಟಿ," ಎಂದು ನಕ್ಕು ಊರಿಗೆ ಹೋದರು.

ಅದೇ ದಿನ ಆಟದಲ್ಲಿ ಹಬ್ಬದ ಕೊಡುಗೆ ಬಂತು: ಕತ್ತಿ ಏರುವ ಅದೃಷ್ಟ ದುಪ್ಪಟ್ಟು. ನಾಳೆ ಬಂದು ನೋಡಿದರೆ ಎಷ್ಟು ಹಿಗ್ಗಿಯಾರು ಎಂದುಕೊಂಡೆ. ಅವರ ಖಾತೆ ತೆರೆದು ಹತ್ತನೆಯ ಪೆಟ್ಟು ಹಾಕಿಸಿದೆ. ಕತ್ತಿ ಮೂರು ಚೂರಾಯಿತು. ನನ್ನ ಕೈಗಿಷ್ಟು ಬೆಂಕಿ ಹಾಕ!

ಮರುದಿನ ಬನ್ನಿ ಕೊಟ್ಟು ಕುಳಿತ ಕಾಕಾಗೆ ಸುಳ್ಳು ಹೇಳಿದೆ. "ಆಟದಾಗ ಏನೋ ಕೆಟ್ಟೈತ್ರಿ ಕಾಕಾ. ತಾನ ಮುರದೈತಿ."

ಅವರು ಬಹಳ ಹೊತ್ತು ತಮ್ಮ ಅಂಗೈ ನೋಡಿಕೊಂಡರು. "ಕಬ್ಬಿಣ ತಾನ ಮುರಿಯೂದಿಲ್ಲವ್ವಾ. ನನ್ನ ಕೈನ ಎಲ್ಲ್ಯೋ ತಪ್ಪೇತಿ."

ನಾನು ಎದ್ದು ಝರಾಕ್ಸ್ ಯಂತ್ರಕ್ಕೆ ಕಾಗದ ತುಂಬತೊಡಗಿದೆ.

ಆ ವರ್ಷ ಅವರು ಬರುತ್ತಲೇ ಇದ್ದರು, ಆದರೆ ಏನನ್ನೂ ಕಾಯಿಸಲಿಲ್ಲ. ಕುಲುಮೆಯ ಮುಂದೆ ಸುಮ್ಮನೆ ನಿಂತು ಸಪ್ಪಳ ಕೇಳುವರು. ಆಟದ ಚೀಲದಲ್ಲಿ ಜಾಗವಿಲ್ಲ, ಆ ಚೂರು ಮಾರಿಬಿಡಿ ಎಂದರೆ, "ಇರ್ಲಿ ಬಿಡು," ಎನ್ನುವರು.

ಮುಂದಿನ ಖಂಡೇಪೂಜೆಗೂ ಬಂದರು. ಕುಂಕುಮ ಹಚ್ಚಿದರು. ಆದರೆ ಊರಿಗೆ ಹೋಗದೆ ಕುರ್ಚಿ ಎಳೆದು ಕಂಪ್ಯೂಟರಿನ ಪಕ್ಕಕ್ಕೆ ಕುಳಿತರು.

"ಊರಿಗೆ ಹೋಗೂದಿಲ್ಲೇನ್ರಿ?"

"ಕಾಯಾಕ ಕುಂತೇನಿ. ಹೋದ ವರ್ಷ ಕಾಯವ್ರ ಇರಲಿಲ್ಲ ನೋಡು."

ನನಗೆ ಅಳು ಬಂತು. ಎಲ್ಲ ಹೇಳಿದೆ. ಅವರ ಮುಖ ಬದಲಾಗಲಿಲ್ಲ.

"ಚೂರಿನ ಮ್ಯಾಲ ಒತ್ತಿದ್ರ ಮುರದ ದಿನಾ ತೋರಸತೈತವ್ವಾ. ನವಮಿ ದಿನ ನಾ ಮುಟ್ಟಾಂವಲ್ಲ."

"ಮತ್ತ ಯಾಕ ಬೈಲಿಲ್ರಿ?"

"ಬೈದಿದ್ರ ನೀ ಆ ಆಟಾನ ಬಿಡತಿದ್ದಿ. ಆಮ್ಯಾಲ ಈ ಠಣ್ ಠಣ್ ನಾ ಎಲ್ಲಿ ಹೋಗಿ ಕೇಳ್ಲಿ?"

ಸಂಜೆಯ ಬಸ್ಸಿನವರೆಗೆ ಇಬ್ಬರೂ ಚಹಾ ಕುಡಿಯುತ್ತ ಕುಳಿತಿದ್ದೆವು. ಯುಗಾದಿಗೆ ಮೊದಲೇ ಕಾಕಾ ತೀರಿಕೊಂಡರು. ಸಂಪಗಾಂವಕ್ಕೆ ಅವರ ಮಣ್ಣಿಗೆ ಹೋದಾಗ ಕುಲುಮೆಯನ್ನೂ ನೋಡಿದೆ. ಬೂದಿಯ ಮೇಲೆ ಕೋಳಿಯೊಂದು ಮಲಗಿತ್ತು.

ಈಗ ಖಂಡೇಪೂಜೆಯ ದಿನ ಎರಡನೆಯ ಕಂಪ್ಯೂಟರಿಗೆ ಕುಂಕುಮ ಹಚ್ಚಿ ನಾನೊಬ್ಬಳೇ ಕಾಯುತ್ತೇನೆ. ಚೀಲದೊಳಗಿನ ಚೂರುಗಳನ್ನು ಮಾರಿಲ್ಲ. ಆಟವನ್ನು ಸಪ್ಪಳಕ್ಕಷ್ಟೇ ಹಚ್ಚಿಟ್ಟಿರುತ್ತೇನೆ. ಪರದೆಯೊಳಗಿನ ಆ ಕಮ್ಮಾರ ಇನ್ನೂ ತಣ್ಣನೆಯ ಕಬ್ಬಿಣವನ್ನೇ ಬಡಿಯುತ್ತಾನೆ. "ಕಾಯಸೋ ಮೊದಲ!" ಎಂದು ನಾನೇ ಬೈಯುತ್ತೇನೆ. ಅವನು ಕೇಳುವುದಿಲ್ಲ.