ಗಡಹಿಂಗ್ಲಜಕ್ಕೆ ಹೋಗದ ಅಳಿಯ

ನನ್ನ ತಮ್ಮ ಅಜಿತನಿಗೆ ಮದುವೆಯಾಗಿ, ಮಗಳು ಹುಟ್ಟಿ, ಆ ಮಗಳು ಕಾಲೇಜಿಗೂ ಬಂದಳು. ಆದರೆ ಆಸಾಮಿ ಮೊನ್ನೆ ಮೊನ್ನೆಯವರೆಗೂ ಹೆಂಡತಿಯ ತವರಿನ ಹೊಸ್ತಿಲು ತುಳಿದಿರಲಿಲ್ಲ.

ನಂಬುತ್ತೀರಾ? ಅತ್ತೆಮನೆ ಏನು ಕಾಶ್ಮೀರದಲ್ಲಿದೆಯೇ? ಇಲ್ಲೇ ಗಡಹಿಂಗ್ಲಜ. ಇಚಲಕರಂಜಿಯಿಂದ ಬೆಳಿಗ್ಗೆ ಹೊರಟರೆ, ಹೊತ್ತು ಮುಳುಗುವುದರೊಳಗೆ ವಾಪಸ್ ಬಂದು ಊಟಕ್ಕೆ ಕೂರಬಹುದು. (ನಾವು ಜೈನರು, ಕತ್ತಲಾದ ಮೇಲೆ ಉಣ್ಣುವುದಿಲ್ಲ. ನಮ್ಮ ಪ್ರಯಾಣದ ಲೆಕ್ಕವೆಲ್ಲ ಊಟದಿಂದಲೇ ಶುರು.)

ಮದುವೆ ಇಚಲಕರಂಜಿಯಲ್ಲೇ ಆಗಿತ್ತು. ಆಮೇಲೆ ಅವನ ಹೆಂಡತಿ ಸುವರ್ಣಾ ತವರಿಗೆ ಹೊರಟಾಗಲೆಲ್ಲ ಇವನದು ಒಂದೇ ನಾಟಕ. ಹಿಂದಿನ ದಿನ ಕಾರಣವಿಲ್ಲದ ಜಗಳ. ಬೆಳಿಗ್ಗೆ ಹೊಟ್ಟೆಯಲ್ಲಿ ಉರಿ. ಹೇಗೋ ಅವಳನ್ನು ಸ್ಟ್ಯಾಂಡಿಗೆ ಬಿಟ್ಟು, ಬಸ್ಸು ಅಲುಗಾಡುವ ಮೊದಲೇ ಮಾಯ.

ಈ ವರ್ಷ ಅವನ ಅತ್ತೆ ಜಾರಿ ಬಿದ್ದು ಕಾಲು ಮುರಿದುಕೊಂಡರು. ಸುವರ್ಣಾ ನೋಡಿಕೊಳ್ಳಲು ಹೋದಳು. ಅತ್ತೆ ಕೋಲು ಹಿಡಿದು ಓಡಾಡುವಂತಾದರು. ಇವಳು ವಾಪಸ್ ಬರಲಿಲ್ಲ. ನನಗೆ ಫೋನು ಬಂತು.

“ಅಕ್ಕಾರ, ಈ ಸಲ ಅವ್ರ ಬಂದು ಕರಕೊಂಡು ಹೋಗ್ಬೇಕು. ಇಲ್ಲಾಂದ್ರ ನಾ ಇಲ್ಲೇ ಇರ್ತೇನಿ. ನಮ್ಮವ್ವ ಕಾಲ ಮುರಕೊಂಡು ಬಿದ್ದಾಳ, ಅಳಿಯಾ ಒಂದ್ಸಲನೂ ಮಾರಿ ತೋರಿಸಿಲ್ಲ. ಓಣ್ಯಾಗ ಮಂದಿ ಕೇಳ್ತಾರ್ರಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆದರಿಕೆ ತಂದಿತು. ಸಿಟ್ಟಿದ್ದರೆ ಚೌಕಾಸಿ ಮಾಡಬಹುದು. ಬೇಸತ್ತವರ ಜೊತೆ ಏನು ಮಾಡುವುದು?

ಆದರೂ ನಾನೇನು ಕಡಿಮೆಯವಳಲ್ಲ. ಮನೆಮನೆಗೆ ಕಟ್‌ಪೀಸ್ ಗಂಟು ಹೊತ್ತು ಮಾರಿ ಸೀರೆ ಅಂಗಡಿ ಹಾಕಿದವಳು. ಚೌಕಾಸಿಯಲ್ಲಿ ಸೂರತ್ತಿನ ವ್ಯಾಪಾರಿಗಳಿಗೇ ನೀರು ಕುಡಿಸಿದವಳು. ಇದೇನು ಮಹಾ ಅಂದುಕೊಂಡೆ. ಕಾರಣವೂ ಥಟ್ಟನೆ ಹೊಳೆಯಿತು: ಮಾನಪಾನ, ಅಂದರೆ ಅಳಿಯನಿಗೆ ಸಲ್ಲಬೇಕಾದ ಮರ್ಯಾದೆ! ಮದುವೆಯಲ್ಲಿ ಅಳಿಯನ ತಲೆಗೆ ಫೇಟಾ ಸುತ್ತುವಾಗ ಏನೋ ಕಡಿಮೆಯಾಗಿದೆ. ನಮ್ಮ ಕಡೆ ಟವಲ್-ಟೋಪಿಯ ಮಾನ ತಪ್ಪಿತೆಂದು ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ಬೇಕಾದಷ್ಟಿವೆ. ಅವನ ಅತ್ತೆಗೇ ಫೋನು ಹಚ್ಚಿದೆ.

“ಅಕ್ಕಾರ, ಏನ್ ತಪ್ಪಾಗಿದ್ರೂ ನಂದ ತಪ್ಪು,” ಅಂದರು ಪಾಪ. “ಕಾಲ ಬಗ್ಗೂದಿಲ್ಲ, ಇಲ್ಲಾಂದ್ರ ಅಳಿಯನ ಕಾಲಿಗೆ ಬೀಳ್ತಿದ್ದೆ.”

ಗಡಹಿಂಗ್ಲಜದಿಂದ ಗುಲಾಬಿ ಬಣ್ಣದ ಕೊಲ್ಹಾಪುರಿ ಫೇಟಾ, ಶಾಲು, ತೆಂಗಿನಕಾಯಿ ಬಂದವು. ಅಜಿತ ಫೇಟಾ ಮುಟ್ಟಿ ನೋಡಿದ. “ಬಟ್ಟಿ ಛಲೋ ಐತಿ,” ಅಂದ. ಕಪಾಟಿನ ಮೇಲಿಟ್ಟ. ಯಡ್ರಾವದ ತನ್ನ ಮಗ್ಗದ ಶೆಡ್ಡಿಗೆ ಹೋದ.

ಅಷ್ಟೇ!

ಅವನ ಹೊಟ್ಟೆಯ ಉರಿ ಜೋರಾಯಿತು. ದವಾಖಾನೆಯಲ್ಲಿ ನಳಿಗೆ ಇಳಿಸಿ ನೋಡಿದರು, ಎಲ್ಲ ಸ್ವಚ್ಛ. ನಮ್ಮ ಫ್ಯಾಮಿಲಿ ಡಾಕ್ಟರು ಕೊಲ್ಹಾಪುರದ ಒಬ್ಬ ಮನಶ್ಶಾಸ್ತ್ರದ ಮೇಡಮ್ ಹೆಸರು ಹೇಳಿದರು.

“ನನಗೇನ್ ಹುಚ್ಚ ಹಿಡದೈತೇನ?” ಅಂದ ಅಜಿತ.

“ಹುಚ್ಚ ಹಿಡದಾವ್ರೂ ಅತ್ತೀಮನೀಗೆ ಹೋಗ್ತಾರ. ನೀ ಅದೂ ಹೋಗೂದಿಲ್ಲ. ನಡಿ.”

ಮೊದಲ ದಿನ ನಾನೂ ಒಳಗೆ ಕೂತೆ. ಮೇಡಮ್ ಮರಾಠಿ-ಕನ್ನಡ ಎರಡನ್ನೂ ಕಲಸಿ ಮಾತಾಡುವ ನಮ್ಮ ಕಡೆಯವರೇ. ವಾರಕ್ಕೊಮ್ಮೆ, ಅದೇ ವೇಳೆಗೆ ಬರಬೇಕು ಅಂದರು. ನಾನು ಬಿಡುತ್ತೇನೆಯೇ? “ತಿಂಗಳಿಗೊಮ್ಮೆ ಜಾಸ್ತಿ ಹೊತ್ತು ಕುಂದ್ರಿಸ್ಕೋರಿ, ಒಮ್ಮೆಲೇ ಮುಗೀಲಿ,” ಅಂದೆ. ಅವರು ನಕ್ಕರು. ಒಂದಿಷ್ಟೂ ಇಳಿಯಲಿಲ್ಲ.

ಇದಕ್ಕೆ ಸೈಕೋಡೈನಮಿಕ್ ಪದ್ಧತಿ ಅನ್ನುತ್ತಾರಂತೆ. ನನಗೆ ತಿಳಿದಷ್ಟು ಹೇಳುತ್ತೇನೆ. ಮನಸ್ಸಿನಲ್ಲಿ ನಮಗೇ ಗೊತ್ತಿಲ್ಲದ ಭಾಗವೊಂದಿದೆ, ಅದು ನಮ್ಮಿಂದ ಕೆಲಸ ಮಾಡಿಸುತ್ತಿರುತ್ತದೆ. ಚಿಕ್ಕಂದಿನಲ್ಲಿ ತಡೆದುಕೊಳ್ಳಲಾಗದ್ದನ್ನು ಮನಸ್ಸು ಮುಚ್ಚಿಡುತ್ತದೆ. ಮುಚ್ಚಿಟ್ಟದ್ದು ಸುಮ್ಮನಿರುವುದಿಲ್ಲ, ಜಗಳದ ವೇಷದಲ್ಲೋ ಹೊಟ್ಟೆ ಉರಿಯ ವೇಷದಲ್ಲೋ ಬರುತ್ತದೆ. ಅಂದು ಒಬ್ಬರ ಮೇಲಿದ್ದ ಭಯ, ಸಿಟ್ಟು ಇಂದು ಇನ್ನೊಬ್ಬರ ಮೇಲೆ ಹೊರಳುತ್ತದೆ. ಕೊನೆಗೆ ಆ ಮೇಡಮ್ ಮೇಲೂ ಹೊರಳುತ್ತದೆ. ಹೊರಳಿದಾಗ ಇಬ್ಬರೂ ಕೂಡಿ ಅದನ್ನು ನೋಡಬೇಕು.

“ಗ್ಯಾರಂಟಿ ಏನ್ರಿ?” ಅಂದೆ.

“ಗ್ಯಾರಂಟಿ ಇಲ್ರಿ ಅಕ್ಕಾರ. ಸಂಶೋಧನಾ ನಡದಾವ. ಭಾಳ ಮಂದಿಗೆ ಉಪಯೋಗ ಆಗೈತಿ, ಎಲ್ಲಾರಿಗೂ ಅಲ್ಲ. ಕೆಲವರಿಗೆ ಬ್ಯಾರೆ ಪದ್ಧತಿನ ಛಲೋ.”

ಪೇಶಂಟಿನ ಒಪ್ಪಿಗೆ ಪಡೆದು ಮಾತುಕತೆ ರೆಕಾರ್ಡ್ ಮಾಡಿ, ಎಲ್ಲಿ ಏನು ಬದಲಾಯಿತು ಅಂತ ಸಂಶೋಧಕರು ಆಮೇಲೆ ಕೂತು ಕೇಳುತ್ತಾರಂತೆ. ನಾವು ತಾಗಾ, ಅಂದರೆ ಬಟ್ಟೆಯ ಇಡೀ ಸುರುಳಿ, ಬಿಚ್ಚಿ, ಬೆಳಕಿಗೆ ಹಿಡಿದು, ಎಳೆ ತಪ್ಪಿದ್ದೆಲ್ಲಿ ಅಂತ ಹುಡುಕುತ್ತೇವಲ್ಲ, ಹಾಗೆ. ನನಗೆ ಹಿಡಿಸಿತು. ಇಷ್ಟು ವರ್ಷದ ವ್ಯಾಪಾರದ ಬುದ್ಧಿ ಹೇಳುತ್ತೇನೆ, ಪುಕ್ಕಟೆ: ಗ್ಯಾರಂಟಿ ಕೊಡುವವರಿಗಿಂತ “ಇಲ್ರಿ” ಅನ್ನುವವರ ಮಾಲು ನಂಬಿ.

ಆಮೇಲೆ ಅವರು ಅಜಿತನತ್ತ ತಿರುಗಿ ಸುಮ್ಮನೆ ಕೂತರು. ನಾನು ಗುರುತು ಹಿಡಿದೆ. ಇದು ನಮ್ಮ ಪಟ್ಟು! ರೇಟು ಹೇಳಿ ಬಾಯಿ ಮುಚ್ಚಬೇಕು, ಮೊದಲು ಮಾತಾಡಿದವನು ಸೋತ. ನಾನೂ ತುಟಿ ಬಿಗಿದೆ. ತಡೆಯಲಾಗಲಿಲ್ಲ. “ಅಂವಾ ಸಣ್ಣಾಂವ ಇದ್ದಾಗಿಂದ ಹಿಂಗ್ರಿ...” ಅಂದೆ. ಮುಂದಿನ ವಾರದಿಂದ ನನಗೆ ಹೊರಗಿನ ಬೆಂಚೇ ಗತಿ.

ಹಲವು ವಾರ ಹೀಗೇ ಹೋದವು.

“ಏನಂದ್ರು?”

“ಏನೂ ಅನ್ಲಿಲ್ಲ.”

“ನೀ?”

“ನಾನೂ.”

ಇದಕ್ಕೆ ಪೆಟ್ರೋಲ್ ಖರ್ಚು ಮಾಡಿಕೊಂಡು ಕೊಲ್ಹಾಪುರ ಬೇಕಿತ್ತೇ? ಅತ್ತ ಸುವರ್ಣಾ ತನ್ನ ಉಳಿದ ಸೀರೆಗಳನ್ನೂ ಮಗಳ ಕೈಯಲ್ಲಿ ತರಿಸಿಕೊಂಡಳು. ಸೀರೆ ಮಾರುವವಳಿಗೆ ಅದರ ಅರ್ಥ ಬೇರೆ ಹೇಳಬೇಕೇ?

ಒಂದು ದಿನ ಅಜಿತ ಕಣ್ಣು ಕೆಂಪಗೆ ಮಾಡಿಕೊಂಡು ಹೊರಬಂದ. ವಾಪಸ್ ದಾರಿಯಲ್ಲಿ ಹಾತಕಣಂಗಲೆಯಲ್ಲಿ ಚಹಾಕ್ಕೆ ಇಳಿದೆವು. ಅಲ್ಲಿ ಬಾಯಿ ಬಿಟ್ಟ.

“ಮುಂದಿನ ವಾರ ಮೇಡಮ್ ಇರೂದಿಲ್ಲಂತ, ಊರಿಗೆ ಹೋಗ್ತಾರಂತ. ನಾ ಸಿಟ್ಟೀಲೆ, ‘ಎಲ್ಲಿ, ಗಡಹಿಂಗ್ಲಜಕ್ಕೇನ್ರಿ?’ ಅಂದ್ಬಿಟ್ಟೆ ಅಕ್ಕಾ.”

“ಅವ್ರೇನಂದ್ರು?”

“ಪುಣೇಕ ಹೊಂಟೇನಿ, ಗಡಹಿಂಗ್ಲಜ ಯಾಕ ಬಂತು ಅಂದ್ರು. ಮತ್ತ ಸುಮ್ನ ಕುಂತ್ರು.”

ಅವನು ಬಟ್ಟಲು ಕೆಳಗಿಟ್ಟ.

“ಅಪ್ಪ ಹೋದ ದಿನ ನೆನಪೈತೇನ ನಿನಗ?”

ನನಗೆ ನೆನಪಿರದೆ? ನಮ್ಮ ಮನೆ ಮಗ್ಗದ ಶೆಡ್ಡಿಗೆ ಅಂಟಿಕೊಂಡೇ ಇತ್ತು. ಮಗ್ಗದ ಸದ್ದೇ ನಮ್ಮ ಜೋಗುಳ. ಅಜಿತ ಇನ್ನೂ ಸಾಲೆಗೆ ಹೋಗದ ಕೂಸು, ನೇಯ್ದ ತಾಗಾಗಳ ಮೇಲೆ ಮಲಗಿದ್ದ. ಅಪ್ಪ ಮಗ್ಗದ ಹತ್ತಿರವೇ ಕುಸಿದರು. ನಮ್ಮಲ್ಲಿ ಯಾರಾದರೂ ಹೋದರೆ ಓಣಿಯ ಮಗ್ಗಗಳನ್ನೆಲ್ಲ ಬಂದ್ ಮಾಡುತ್ತಾರೆ. ಖಟಖಟ ನಿಂತಿತು. ಸದ್ದಿಗೆ ಏಳದ ಕೂಸು ಆ ಮೌನಕ್ಕೆ ಎದ್ದಿತು.

“ಅಪ್ಪ ಎಲ್ಲಿ ಅಂತ ಕೇಳಿದೆ. ಅವ್ವ, ‘ಗಡಹಿಂಗ್ಲಜಕ್ಕ ಮಾಮಾನ ಮನೀಗೆ ಹೋಗ್ಯಾರ, ಬರ್ತಾರ’ ಅಂದ್ಳು. ನಾ ಕಟ್ಟೀ ಮ್ಯಾಲ ಕುಂತು ಭಾಳ ದಿನಾ ದಾರಿ ನೋಡೇನಿ ಅಕ್ಕಾ.”

“ಅಲ್ಲೋ ತಮ್ಮಾ, ಆಮ್ಯಾಲ ಗೊತ್ತಾತಲ್ಲ? ಫೋಟೋಕ್ಕ ದಿನಾ ಹಾರ ಹಾಕ್ತಿ.”

“ನನಗ ಗೊತ್ತಾತು. ಹೊಟ್ಟೀಗೆ ಗೊತ್ತಾಗಿಲ್ಲ.”

ಆಗ ನನಗೆ ಇನ್ನೊಂದು ನೆನಪಾಯಿತು. ಹೆಣ್ಣು ನೋಡುವಾಗ ಸಾಂಗ್ಲಿ, ನಿಪ್ಪಾಣಿ, ಎಲ್ಲ ಕಡೆಯ ಹುಡುಗಿಯರನ್ನೂ ಬೇಡ ಅಂದಿದ್ದ. ಗಡಹಿಂಗ್ಲಜದ ಹುಡುಗಿ ಅಂದಕೂಡಲೇ ಫೋಟೋ ಸಹ ನೋಡದೆ ಹೂಂ ಅಂದಿದ್ದ. ಕೇಳಿಯೇಬಿಟ್ಟೆ: “ಹೋದಾವ್ರು ತಿರುಗಿ ಬರೂದಿಲ್ಲ ಅಂತ ಆ ಊರಂದ್ರ ಅಷ್ಟ ಅಂಜಿಕಿ ಇದ್ರ, ಆ ಊರ ಹುಡುಗೀನ ಯಾಕ ಮಾಡ್ಕೊಂಡಿ?”

ಅವನು ರಸ್ತೆಯತ್ತ ನೋಡಿದ.

“ಅಲ್ಲಿಂದ ಯಾರರ ಒಬ್ರು ಬರ್ಲಿ ಅಂತ.”

ಚಹಾದವನು ಕೇಳಿದಷ್ಟು ಕೊಟ್ಟು, ಚಿಲ್ಲರೆಯನ್ನೂ ಎಣಿಸದೆ ಎದ್ದೆ. (ಅಂಗಡಿ ಹುಡುಗಿಯರಿಗೆ ಹೇಳಿದರೆ ನಂಬಲಿಲ್ಲ.) ಅವ್ವ ಈಗಿಲ್ಲ. ಇದ್ದಿದ್ದರೂ ಅವಳಿಗೆ ಏನು ಅನ್ನಲಿ? ಎಳೆ ವಯಸ್ಸಿನ ವಿಧವೆ, ಕೂಸು ಅಳಬಾರದೆಂದು ತನ್ನ ತವರಿನ ಹೆಸರು ಹೇಳಿದಳು. ಆಮೇಲೆ ತಾನೂ ಅಲ್ಲಿಗೆ ಹೋಗಲಿಲ್ಲ, ನಮ್ಮನ್ನೂ ಕರೆದೊಯ್ಯಲಿಲ್ಲ. ಅವಳಿಗೆ ಗೊತ್ತಿದ್ದ ಒಳ್ಳೆಯ ಊರು ಅದೊಂದೇ.

ಹಾಗಾದರೆ ಒಂದೇ ಮಾತಿಗೆ ಎಲ್ಲ ಸರಿಯಾಯಿತೇ? ಇಲ್ಲ. ಮತ್ತೆ ಕೆಲವು ವಾರ ಹೋದ, ಇನ್ನೂ ಹೋಗುತ್ತಿದ್ದಾನೆ. ಆದರೆ ಮೊನ್ನೆ ಬೆಳಿಗ್ಗೆ ಗಾಡಿ ಒರೆಸುತ್ತಿದ್ದ. ನಾನೂ ಬರುತ್ತೇನೆ ಅಂತ ಚೀಲ ತಗೊಂಡೆ. “ನೀ ಬ್ಯಾಡಕ್ಕಾ,” ಅಂದ. ಚೌಕಾಸಿ ಮಾಡದೆ ಚೀಲ ಕೆಳಗಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಸುವರ್ಣಾಳ ಫೋನು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

“ಅಕ್ಕಾರ, ಬಂದಾರ್ರಿ! ಆ ಗುಲಾಬಿ ಫೇಟಾ ಸುತಿಗೊಂಡು ಬಂದಾರ! ಬಾಗಿಲಾಗ ನಿಂತು, ‘ಎಲ್ಲಾರೂ ಅದೀರೇನ್ರಿ?’ ಅಂದ್ರು. ಉಂಡು, ಅವ್ವನ ಖೋಲ್ಯಾಗ ನೆಲದ ಮ್ಯಾಲ ಮಲಗ್ಯಾರ. ಗೊರಕಿ ಕೇಳ್ರಿ.”

ಫೋನು ಅವನ ಹತ್ತಿರ ಒಯ್ದಳು. ಕೇಳಿದೆ. ಶೆಡ್ಡಿನಲ್ಲಿ ಮಗ್ಗ ಹೊಡೆದ ಹಾಗೆ. (ಇದನ್ನೆಲ್ಲ ಬರೆಯಲಿಕ್ಕೆ ಒಪ್ಪಿಗೆ ಕೇಳಿದಾಗ ಗೊರಕೆ ಒಂದು ಬಿಡು ಅಂದ. ಗೊರಕೆ ಬರೆಯುತ್ತೇನೆ, ನಿಜವಾದ ಹೆಸರು ಬಿಡುತ್ತೇನೆ ಅಂತ ಚೌಕಾಸಿ ಮುಗಿಸಿದೆ.)

ಯಾರಾದರೂ ಹೋದರೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಸತ್ತರು ಅಂತಲೇ ಹೇಳಿ. ಅಳಲಿ, ನೀವೂ ಅಳಿ.

ಅಂದಹಾಗೆ, ನಿಮ್ಮ ಮನೆಯ ಕೂಸಿಗೆ ಯಾವ ಊರಿನ ಹೆಸರು ಹೇಳಿದ್ದೀರಿ?