ಕಂಪ್ಯೂಟರಿಗೆ ಬಂದ ಸುಳ್ಳು ಜ್ವರ

ನನ್ನ ಕಂಪ್ಯೂಟರ್ ನೋಡಲು ಬಂದವರು ಚಪ್ಪಲಿಯನ್ನು ಹೊಸ್ತಿಲಾಚೆಯೇ ಬಿಟ್ಟು ಬರುತ್ತಾರೆ. ನಾನು ಹೇಳಿ ಬಿಡಿಸಿದ್ದಲ್ಲ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಅದು ಕೂತಿದೆ. ಅದರ ಒಂದು ಪಕ್ಕ ಪೂರ್ತಿ ಗಾಜು. ಒಳಗೆ ಆರು ಫ್ಯಾನು, ಒಂದೊಂದರ ಸುತ್ತಲೂ ಬಣ್ಣದ ದೀಪದ ಬಳೆ. ನಡುವೆ ಎರಡು ಕಪ್ಪು ಕೊಳವೆಗಳು, ಅವುಗಳಲ್ಲಿ ಸದಾ ನೀರು ಹರಿಯುತ್ತಿರುತ್ತದೆ. ಇಷ್ಟನ್ನು ಒಟ್ಟಿಗೆ ಕಂಡವರಿಗೆ ಕೈ ತಾನಾಗಿ ಅರ್ಧ ಮುಗಿಯುತ್ತದೆ. ಇದು ಕಂಪ್ಯೂಟರು ಎಂದು ನಾನು ಹೇಳಿದ ಮೇಲೆ ಕೆಳಗಿಳಿಯುತ್ತದೆ.

ಸೀರೆಯ ಅಂಚು ಮತ್ತು ಸೆರಗಿಗೆ ಚಿತ್ತಾರ ಬರೆಯುವುದು ನನ್ನ ಕೆಲಸ. ನನ್ನ ತಂದೆ ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ನಾನು ಕಂಪ್ಯೂಟರಿನಲ್ಲಿ ಬರೆಯುತ್ತೇನೆ. ಆ ಚಿತ್ರ ನೋಡಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಮಗ್ಗದ ಮೇಲೆ ತೂಗುಹಾಕಿದ ಆ ಕಾರ್ಡುಗಳು, ಯಾವ ಎಳೆ ಏಳಬೇಕು, ಯಾವುದು ಮಲಗಿರಬೇಕು ಎಂದು ಹೇಳುತ್ತವೆ. ಹಳೆಯ ಕಂಪ್ಯೂಟರು ಒಂದು ಸೆರಗು ತೆರೆಯುವಷ್ಟರಲ್ಲಿ ನಾನು ಒಂದು ಲೋಟ ಕಾಫಿ ಮುಗಿಸುತ್ತಿದ್ದೆ. ಅದಕ್ಕೇ ಮೈಸೂರಿಗೆ ಹೋಗಿ ಹೊಸದನ್ನು ಕಟ್ಟಿಸಿಕೊಂಡು ಬಂದೆ. ‘ಇದು ಗೇಮ್ ಆಡೋರ ಮಷೀನು ಸರ್, ನಿಮ್ಮ ಸೀರೆ ಇದಕ್ಕೆ ಕಡ್ಲೆಪುರಿ’ ಎಂದ ಅಂಗಡಿಯವರು, ತಂಪು ಮಾಡುವ ನೀರು, ಅದನ್ನು ತಳ್ಳುವ ಪಂಪು, ಇನ್ನೂ ಏನೇನೋ ವಿವರಿಸಿದರು. ನಾನು ಕೇಳಿಸಿಕೊಳ್ಳಲಿಲ್ಲ. ಜೀವಮಾನವೆಲ್ಲ ಬಣ್ಣದ ನೂಲಿನ ನಡುವೆ ಕಳೆದ ನಾನು, ಬಣ್ಣ ಬದಲಿಸುವ ದೀಪಕ್ಕೆ ಮರುಳಾಗಿ ನಿಂತಿದ್ದೆ.

ನೀರಿನ ತಂಪು ಎಂದಾಗ ಮನಸ್ಸಿಗೆ ಹಿತವಾದದ್ದೂ ನಿಜ. ನಮ್ಮ ಭಾಷೆ ಮೊದಲಿನಿಂದಲೂ ತಂಪಿನ ಪಕ್ಷಪಾತಿ. ಹರಸುವಾಗ ಹೊಟ್ಟೆ ತಣ್ಣಗಿರಲಿ ಎನ್ನುತ್ತೇವೆ. ಒಳ್ಳೆಯದನ್ನು ಕಂಡರೆ ಕಣ್ಣು ತಂಪಾಯಿತು ಎನ್ನುತ್ತೇವೆ. ಚಳಿದೇಶದವರು ಬಂದವರಿಗೆ ಬೆಚ್ಚಗಿನ ಸ್ವಾಗತ ಕೊಡುತ್ತಾರಂತೆ. ಏಪ್ರಿಲ್ ತಿಂಗಳಲ್ಲಿ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ಬೆಚ್ಚಗಿನ ಸ್ವಾಗತ ಕೊಟ್ಟರೆ ಅವರು ಅದೇ ಬಸ್ಸಿನಲ್ಲಿ ವಾಪಸು ಹೋಗುತ್ತಾರೆ. ಒಂದು ಯಂತ್ರಕ್ಕೂ ಹೊಟ್ಟೆ ತಣ್ಣಗಿರಬೇಕು ಎಂಬುದು ನನಗೆ ಆತ್ಮೀಯವಾಗಿ ಕಂಡಿತು.

ಈ ತಂಪನ್ನೂ ದೀಪವನ್ನೂ ನೋಡಿಕೊಳ್ಳಲು ಎರಡು ಸಾಫ್ಟ್‌ವೇರುಗಳಿದ್ದವು. ಒಂದು ದೀಪದ ಉಸ್ತುವಾರಿಗೆ, ಇನ್ನೊಂದು ಪಂಪು ಮತ್ತು ಫ್ಯಾನಿನ ಉಸ್ತುವಾರಿಗೆ. ಆದರೆ ಎರಡನೆಯದು ತನ್ನ ಕೆಲಸದ ಜೊತೆಗೆ ದೀಪವನ್ನೂ ಮುಟ್ಟಲು ಹೋಗುತ್ತಿತ್ತು. ಬೆಟ್ಟಕ್ಕೆ ಹೋಗುವ ಬಸ್ಸಿಗೆ ಇಬ್ಬರು ಕಂಡಕ್ಟರುಗಳನ್ನು ಹತ್ತಿಸಿ, ಒಬ್ಬ ಹೊರಡಲು ಸೀಟಿ ಊದುವಾಗ ಇನ್ನೊಬ್ಬ ನಿಲ್ಲಲು ಊದಿದರೆ ಹೇಗೋ ಹಾಗೆ. ನಾನು ಹಸಿರು ಎಂದರೆ ದೀಪ ಒಂದು ಕ್ಷಣ ಹಸಿರಾಗಿ, ಏನೋ ನೆನಪಾದಂತೆ ನೇರಳೆಗೆ ತಿರುಗುತ್ತಿತ್ತು. ಮೊದಲ ದಿನ ಇವು ಇಂಗ್ಲಿಷಿನಲ್ಲಿ ಸಾಲುಸಾಲಾಗಿ ಪ್ರಶ್ನೆ ಕೇಳಿದ್ದವು. ನಾನು ಸಂಕೋಚದ ಮನುಷ್ಯ. ಎಲ್ಲದಕ್ಕೂ ಹೌದು ಎಂದು ಒತ್ತಿದ್ದೆ.

ಇಂಥ ಕಂಪ್ಯೂಟರಿನ ಮುಂದೆ ಬಂದು ಕೂತವರು ಜಯಮ್ಮ. ಕಾಮಗೆರೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಊರಿನವರೆಲ್ಲ ಕರೆಯುವಂತೆ ನಾನೂ ಸಿಸ್ಟರ್ ಎಂದೇ ಕರೆದೆ. ಮುಂದಿನ ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ಬೀಳ್ಕೊಡುಗೆಯ ದಿನ ಉಡಲು ಒಂದು ರೇಷ್ಮೆ ಸೀರೆ ಬೇಕಿತ್ತು. ಅಂಗಡಿಯದ್ದಲ್ಲ, ತನಗೆಂದೇ ನೇಯಿಸಿದ್ದು.

‘ಕೆಲ್ಸಕ್ಕೆ ಸೇರ್ದಾಗಿಂದ ಬಿಳಿ ಸೀರೆ, ಆಮೇಲೆ ಬಿಳಿ ಕೋಟು ಸಾ. ಮನೇಲಿ ಮದ್ವೆ ಮುಂಜಿ ಆದ್ರೂ ಡ್ಯೂಟಿಯಿಂದ ಅಂಗೇ ಓಗ್ಬುಟ್ಟು ಊಟ ಮಾಡ್ಕಂಡು ಬಂದಿವ್ನಿ. ಒಂದ್ ದಿನ ಬಣ್ಣದಾಗೆ ಇರ್ಬೇಕು ಅಂತ ಆಸೆ.’

ಮಾವಿನಕಾಯಿ, ಹಂಸ, ಗೋಪುರ ಎಲ್ಲ ತೋರಿಸಿದೆ. ಯಾವುದೂ ಹಿಡಿಸಲಿಲ್ಲ. ಕೊನೆಗೆ ಅವರೇ ಚೀಲದಿಂದ ಒಂದು ಹೊಂಗೆ ಎಲೆ ತೆಗೆದು ಮೇಜಿನ ಮೇಲಿಟ್ಟರು. ಆಸ್ಪತ್ರೆಯ ಮುಂದಿನ ಮರದ್ದು. ಒಳಗೆ ರೋಗಿ ಮಲಗಿದ್ದರೆ ಹೊರಗೆ ಅವರ ಮನೆಯವರು ಕೂರುವ ನೆರಳು ಅದು. ‘ಒಳ್ಳೆ ಸುದ್ದಿ, ಕೆಟ್ಟ ಸುದ್ದಿ ಎಲ್ಲಾನೂವೆ ಆ ಮರದಡಿಗೇ ಓಗಿ ಏಳಿವ್ನಿ ಸಾ. ಅದು ಅಂಚಲ್ಲಿ ಇರ್ಲಿ’ ಎಂದರು. ಒಡಲು ಹೊಂಗೆ ಚಿಗುರಿನ ಹಸಿರು, ಅಂಚು ಅರಗಿನ ಬಣ್ಣ ಎಂದು ಮಾತಾಯಿತು. ಎಷ್ಟೋ ವರ್ಷಗಳ ನಂತರ ಒಂದು ಕೆಲಸ ಕೈಯಲ್ಲಿ ಹಿಡಿದು ನಾನು ಹುರುಪಿನಿಂದ ಕೂತೆ.

ನಡುವೆ ಆಯುಧಪೂಜೆ ಬಂತು. ಮಗ್ಗಕ್ಕೆ, ಸ್ಕೂಟರಿಗೆ, ಮಿಕ್ಸಿಗೆ ಪೂಜೆಯಾಗುವಾಗ ಕಂಪ್ಯೂಟರನ್ನು ಬಿಡುವುದು ಹೇಗೆ? ಗಾಜಿನ ಬಾಗಿಲು ತೆಗೆದು, ಒಳಗಿನ ಧೂಳು ಒರೆಸಿ, ಮದರ್‌ಬೋರ್ಡಿನ ನಡುವೆ ದುಂಡಗೆ ಕೂತಿದ್ದ ಪಂಪಿನ ನೆತ್ತಿಗೆ ಗಂಧ ಕುಂಕುಮ ಇಟ್ಟೆ. ನನ್ನ ಹೆಂಡತಿ ಕಮಲ, ‘ಅಷ್ಟು ಒಳಗೆ ಕೈ ಹಾಕ್ಬೇಡಿ ಕಣ್ರಿ’ ಎಂದಿದ್ದಳು. ಭಕ್ತಿಗೆ ಅಡ್ಡಿ ಮಾಡಬೇಡ ಎಂದಿದ್ದೆ.

ಮರುದಿನ ಗುಂಡಿ ಒತ್ತಿದರೆ ಆರೂ ಫ್ಯಾನುಗಳು ಒಟ್ಟಿಗೆ ಬೊಬ್ಬೆ ಹೊಡೆದವು. ದೀಪಗಳೆಲ್ಲ ಕೆಂಪಗೆ ಮಿಟುಕಿದವು. ಪರದೆಯ ಮೂಲೆಯಲ್ಲಿ ಒಂದು ಚೌಕ ಮೂಡಿ, ಪಂಪಿನ ವೇಗ ಸೊನ್ನೆ, ಅಪಾಯ ಎಂದಿತು. ಐದು ನಿಮಿಷಕ್ಕೆ ಕಂಪ್ಯೂಟರು ತಾನಾಗಿ ಆರಿಹೋಯಿತು. ಮತ್ತೆ ಹಚ್ಚಿದೆ, ಮತ್ತೆ ಐದೇ ನಿಮಿಷ. ಹೊಂಗೆ ಎಲೆಯ ಕಡತವನ್ನು ಹೇಗೋ ಪೆನ್‌ಡ್ರೈವಿಗೆ ಹಾಕಿಕೊಂಡೆ, ಆದರೆ ಅಂಚು ಅರ್ಧವೇ ಮುಗಿದಿತ್ತು, ಅದನ್ನು ತೆರೆಯುವ ಸಾಫ್ಟ್‌ವೇರು ಈ ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಮೂರನೆಯ ಮನೆಯ ಪುಟ್ಟಸ್ವಾಮಿಯ ಮಗ್ಗದಲ್ಲಿ ಈ ಸೀರೆ ನೇಯಿಸುವುದೆಂದು ನಿಶ್ಚಯವಾಗಿತ್ತು. ಅವನು ಬಾಗಿಲಲ್ಲಿ ನಿಂತು ಕೆಂಪು ದೀಪವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ‘ಸೋಮಾರದೊಳ್ಗೆ ಚಿತ್ರ ಕೊಟ್ರೆ ಸರಿ ಕಣಣ್ಣ. ಇಲ್ದಿದ್ರೆ ಬೇರೆಯವ್ರ ಸೀರೆ ಏರಿಸ್ಬುಡ್ತೀನಿ. ಮಗ್ಗ ಸುಮ್ನೆ ಕೂರ್ಸಕಾಯ್ತದಾ? ಆಮೇಕೆ ಸಂಕ್ರಾಂತಿಗಂಟ ನನ್ ಕೇಳ್ಬೇಡ.’ ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಜಯಮ್ಮ ನಿವೃತ್ತರಾಗಿ ತಿಂಗಳು ಮೀರಿರುತ್ತದೆ.

ಮೈಸೂರಿನ ಅಂಗಡಿಯ ಟೆಕ್ನಿಷಿಯನ್‌ಗೆ ಫೋನ್ ಮಾಡಿದೆ. ಸಹನೆಯುಳ್ಳ ಮನುಷ್ಯ. ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಿ ಎಂದರು. ಐದು ನಿಮಿಷದ ಜೀವವಿರುವ ಯಂತ್ರದಲ್ಲಿ ಏನನ್ನಾದರೂ ತೆಗೆದು ಹಾಕುವುದೆಂದರೆ, ರೈಲು ನಿಲ್ಲುವ ಒಂದು ನಿಮಿಷದಲ್ಲಿ ಇಳಿದು ಇಡ್ಲಿ ಕಟ್ಟಿಸಿಕೊಂಡು ಬರುವ ಹಾಗೆ. ಶನಿವಾರ ಇಡೀ ದಿನ ಅದನ್ನೇ ಮಾಡಿದೆ. ಹೊಸ ಆವೃತ್ತಿ ಹಾಕಿದೆ, ಹಳೆಯದಕ್ಕೆ ಮರಳಿದೆ. ದೀಪದ ಸಾಫ್ಟ್‌ವೇರನ್ನು ಪೂರ್ತಿ ಕಿತ್ತೆ. ಇಬ್ಬರು ಕಂಡಕ್ಟರುಗಳಲ್ಲಿ ಒಬ್ಬರನ್ನು ಇಳಿಸಿದ್ದರಿಂದ ಜಗಳ ನಿಂತಿತು. ಸೊನ್ನೆ ಮಾತ್ರ ಸೊನ್ನೆಯಾಗಿಯೇ ಉಳಿಯಿತು. ಕೊನೆಗೆ ಟೆಕ್ನಿಷಿಯನ್, ‘ಪಂಪೇ ಹೋಗಿರಬೇಕು ಸರ್, ತಗೊಂಡು ಬನ್ನಿ, ಹೊಸದು ತರಿಸೋಕೆ ಒಂದು ವಾರ ಆಗತ್ತೆ’ ಎಂದರು. ಕುಂಕುಮದ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಅವರು ಕೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ, ಚಿತ್ರ ಎಷ್ಟಾಗಿದೆ ನೋಡೋಣವೆಂದು ಜಯಮ್ಮ ಬಸ್ಸಿಳಿದು ನೇರ ನಮ್ಮ ಮನೆಗೆ ಬಂದರು. ನಾನು ಮೊದಲು ನೂಲಿನ ಮಾದರಿ ತೋರಿಸಿ ಮಾತು ಮುಂದೂಡಲು ನೋಡಿದೆ. ಕಂಪ್ಯೂಟರಿನ ಕೆಂಪು ಬೆಳಕಿನಲ್ಲಿ ಹೊಂಗೆ ಚಿಗುರಿನ ಹಸಿರು ನೂಲು ಕಪ್ಪಗೆ ಕಂಡಿತು. ಅವರ ಮುಖ ಸಣ್ಣಗಾಯಿತು. ‘ಇದಾ ಸಾ ನಾವ್ ಏಳಿದ್ ಬಣ್ಣ?’ ಅವಸರದಿಂದ ಜಗಲಿಗೆ ಒಯ್ದು ಬಿಸಿಲಿನಲ್ಲಿ ಹಿಡಿದೆ. ನೂಲು ಹಸಿರಾಯಿತು, ಅವರ ಮುಖವೂ ತಿಳಿಯಾಯಿತು. ನನ್ನ ತಂದೆ ಬಣ್ಣ ನೋಡುತ್ತಿದ್ದದ್ದು ಇದೇ ಜಗಲಿಯಲ್ಲಿ. ಇಷ್ಟಾದ ಮೇಲೆ ಮುಚ್ಚಿಡುವುದು ಸರಿಯಲ್ಲವೆನಿಸಿ ಇದ್ದದ್ದನ್ನೆಲ್ಲ ಹೇಳಿದೆ. ಸೀರೆ ಆಗದೇ ಹೋಗಬಹುದು ಎಂದೂ ಹೇಳಿದೆ.

ಅವರು ಬೇಸರ ತೋರಿಸಲಿಲ್ಲ. ಒಳಗೆ ಬಂದು, ‘ಅಚ್ಚಿ ಸಾ, ನೋಡಾವು’ ಎಂದು ಕುರ್ಚಿ ಎಳೆದುಕೊಂಡು ಗಾಜಿನ ಎದುರು ಕೂತರು. ಅಷ್ಟರಲ್ಲಿ ಆರಿಹೋಗಿದ್ದ ಕಂಪ್ಯೂಟರನ್ನು ಮತ್ತೆ ಹಚ್ಚಿದೆ, ಫ್ಯಾನುಗಳು ಕೂಗಲು ಶುರು ಮಾಡಿದವು.

‘ಟೆಂಪ್ರೇಚರ್ ಎಷ್ಟು ತೋರಿಸ್ತಾ ಅದೆ?’

‘ನಲವತ್ತೊಂದು ಡಿಗ್ರಿ’ ಎಂದೆ.

‘ಮನುಸ್ರಿಗಾದ್ರೆ ಡಾಕ್ಟ್ರನ್ನ ಕೂಗ್ತಾ ಓಡ್ಬೇಕು. ಇದ್ಕೆ?’

‘ಇದಕ್ಕೆ ಅದು ಮಾಮೂಲು, ಸಿಸ್ಟರ್.’

‘ಅಂಗಾದ್ರೆ ಪಂಪು ನಿಂತೋಗಿದ್ರೆ ಜ್ವರ ಏರ್ಬೇಕಿತ್ತಲ್ವಾ?’

ಎರಡು ದಿನದಿಂದ ಆ ನಲವತ್ತೊಂದು ನನ್ನ ಕಣ್ಣೆದುರಿಗೇ ಇತ್ತು. ಕೆಂಪಕ್ಷರದ ಸೊನ್ನೆಯನ್ನು ಬಿಟ್ಟು ಬೇರೇನೂ ನನಗೆ ಕಂಡಿರಲಿಲ್ಲ. ಜಯಮ್ಮ ಗಾಜು ತೆಗೆಸಿ, ಕೈಬಳೆಯನ್ನು ಮೇಲೇರಿಸಿ, ಎರಡು ಬೆರಳನ್ನು ಒಂದು ಕೊಳವೆಯ ಮೇಲೆ ಇಟ್ಟರು. ಆಮೇಲೆ ಇನ್ನೊಂದರ ಮೇಲೆ. ಕಣ್ಣು ಗೋಡೆಯ ಗಡಿಯಾರದ ಕಡೆ ಇತ್ತು. ಅಷ್ಟು ಗದ್ದಲದಲ್ಲೂ ಕೋಣೆ ಒಂದು ಗಳಿಗೆ ವಾರ್ಡಿನಂತೆ ಗಂಭೀರವಾಯಿತು. ಬಾಗಿಲಲ್ಲಿ ನಿಂತಿದ್ದ ಕಮಲ ಸೆರಗು ಸರಿಮಾಡಿಕೊಂಡಳು.

‘ಸಣ್ಣಗೆ ನಡುಗ್ತಾ ಅದೆ ಸಾ. ನೀರು ಓಡ್ತಾ ಅದೆ. ಎರಡೂವೆ ಒಂದೇ ಸಮ ಬೆಚ್ಚಗವೆ.’ ಬೆರಳು ತೆಗೆದು ನನ್ನ ಕಡೆ ತಿರುಗಿದರು. ‘ಮಾನಿಟ್ರಲ್ಲಿ ಗೆರೆ ನಿಂತೋಯ್ತು ಅಂತ ಒಸದಾಗಿ ಬಂದ್ ನರ್ಸ್‌ಗಳು ಕಿರುಚ್ಕಂತಾರೆ. ಓಗಿ ನೋಡುದ್ರೆ ಪೇಸೆಂಟು ಕಾಫಿ ಕುಡೀತಾ ಕೂತಿರ್ತಾರೆ. ಎದೆಗಂಟ್ಸಿರೋ ವೈರು ಕಿತ್ತೋಗಿರ್ತದೆ. ಇದ್ಕೂ ಅಂಥಾದ್ದೇನಾರ ವೈರ್ ಅದಾ?’

ಇತ್ತು. ಪಂಪಿನ ವೇಗವನ್ನು ಮದರ್‌ಬೋರ್ಡಿಗೆ ತಿಳಿಸುವ ಒಂದು ಸಪೂರ ತಂತಿ. ಕಂಪ್ಯೂಟರನ್ನು ಆರಿಸಿ, ಪ್ಲಗ್ಗು ಕಿತ್ತು, ಟಾರ್ಚು ಹಿಡಿದು ಬಗ್ಗಿದೆ. ಅದರ ತಲೆ ತನ್ನ ಜಾಗದಿಂದ ಒಂದು ಪಕ್ಕಕ್ಕೆ ಎದ್ದು ನಿಂತಿತ್ತು. ಅದರ ಮೇಲೆ, ಯಾರ ಬೆರಳು ಎಂದು ಕೇಳುವ ಅಗತ್ಯವೇ ಇಲ್ಲದಂತೆ, ಅಚ್ಚುಕಟ್ಟಾದ ಕುಂಕುಮದ ಗುರುತು. ಕಮಲ ಒರೆಸುವ ಬಟ್ಟೆ ತಂದು ನನ್ನ ಕೈಗಿಟ್ಟಳು.

ಒತ್ತಿದೆ. ಟಿಕ್ ಎಂದಿತು. ಕಂಪ್ಯೂಟರು ಹಚ್ಚಿದಾಗ ಫ್ಯಾನುಗಳು ಒಮ್ಮೆ ನಿಟ್ಟುಸಿರು ಬಿಟ್ಟು ಸುಮ್ಮನಾದವು. ಸೊನ್ನೆಯ ಜಾಗದಲ್ಲಿ ಎರಡು ಸಾವಿರ ಚಿಲ್ಲರೆ ಎಂಬ ಅಂಕಿ ಬಂತು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಜಯಮ್ಮ ಗಡಿಯಾರ ನೋಡಿ, ಡಿಸ್ಚಾರ್ಜ್ ಮಾಡುವವರ ದನಿಯಲ್ಲಿ ‘ಇನ್ನೇನ್ ತೊಂದ್ರೆ ಇಲ್ಲ ಸಾ’ ಎಂದರು. ಟೆಕ್ನಿಷಿಯನ್‌ಗೆ ಫೋನ್ ಮಾಡಿ ತಿಳಿಸಿದೆ. ಅವರು ನಿಜಕ್ಕೂ ಖುಷಿಪಟ್ಟರು. ಆಮೇಲೆ ಕೇಳಿದರು: ‘ಅಲ್ಲ ಸರ್, ಪಂಪು ನಿಂತರೆ ಕಂಪ್ಯೂಟರ್ ಆಫ್ ಮಾಡು ಅಂತ ಒಂದು ಟಿಕ್ ಇರತ್ತೆ, ಅದು ತಾನಾಗಿ ಬರಲ್ಲ. ಹಾಕಿದ್ದು ಯಾರು?’ ಮೊದಲ ದಿನ ಒತ್ತಿದ ಹೌದುಗಳು ನೆನಪಾಗಿ ನಾನು, ಲೈನು ಸರಿಯಾಗಿ ಕೇಳಿಸುತ್ತಿಲ್ಲ ಎಂದೆ.

ಅಂದು ಇಡೀ ದಿನ ಕೂತು ಅಂಚು ಮುಗಿಸಿದೆ. ಜಯಮ್ಮ ಪಕ್ಕದಲ್ಲೇ ಕೂತು, ಎಲೆಯ ನಡುನರ ಇಷ್ಟು ನೆಟ್ಟಗಿರಲ್ಲ ಸಾ, ಚೂರು ಬಾಗಿಸಿ ಎಂದು ತಿದ್ದಿಸಿದರು. ಕಮಲ ಇಬ್ಬರಿಗೂ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಸೋಮವಾರ ಬೆಳಿಗ್ಗೆ ಚಿತ್ರ ಪುಟ್ಟಸ್ವಾಮಿಯ ಕೈ ಸೇರಿತು. ಅವನು ಹಾಳೆಯನ್ನು ದೂರ ಹಿಡಿದು ನೋಡಿ, ‘ಒಂಗೆ ಎಲೆ ಯಾರೂ ಉಡ್ನಿಲ್ಲ ಕಣಣ್ಣ ಇದುವರ್ಗೂ. ಚೆಂದಾಗದೆ’ ಎಂದ. ಪುಟ್ಟಸ್ವಾಮಿ ಚೆಂದ ಎನ್ನುವುದು ಅಪರೂಪ. ಆ ಸಾಲನ್ನು ಕಮಲಳ ಮುಂದೆ ಎರಡು ಸಲ ಹೇಳಿದೆ.

ದೀಪಗಳಿಗೆ ಅಪ್ಪಣೆ ಕೊಡುವ ಆಸೆಯನ್ನು ನಾನು ಬಿಟ್ಟೆ. ಅವು ತಮಗೆ ತೋಚಿದ ಬಣ್ಣದಲ್ಲಿ ತಿರುಗುತ್ತಿವೆ. ಬಣ್ಣ ಆರಿಸಲು ಬಂದವರನ್ನು ಜಗಲಿಯ ಬಿಸಿಲಿಗೆ ಕರೆದೊಯ್ಯುತ್ತೇನೆ. ಪರದೆಯ ಮೇಲೆ ಯಾವುದಾದರೂ ಕೆಂಪು ಅಂಕಿ ಕಂಡರೆ ಮೊದಲು ಎದ್ದು ಹೋಗಿ ಒಂದು ಲೋಟ ನೀರು ಕುಡಿಯುತ್ತೇನೆ. ನನ್ನ ಹೊಟ್ಟೆ ತಣ್ಣಗಾದ ಮೇಲೆ ಅದರ ಹೊಟ್ಟೆಯನ್ನು ವಿಚಾರಿಸುತ್ತೇನೆ.

ಬೀಳ್ಕೊಡುಗೆಗೆ ನಾವಿಬ್ಬರೂ ಕಾಮಗೆರೆಗೆ ಹೋದೆವು. ಹೊಂಗೆ ಮರದ ಪಕ್ಕದಲ್ಲಿ ಶಾಮಿಯಾನ. ಜಯಮ್ಮ ಹಸಿರು ಸೀರೆಯುಟ್ಟು ಬಾಗಿಲಲ್ಲೇ ನಿಂತು ಬಂದವರನ್ನು ಒಳಗೆ ಕಳಿಸುತ್ತಿದ್ದರು. ಗಾಳಿಗೆ ಅಂಚಿನ ಎಲೆಗಳು ಅಲುಗುತ್ತಿದ್ದವು. ಅವರ ಜೊತೆ ಕೆಲಸ ಮಾಡಿದವರೇ ಗುರುತು ಸಿಗದೆ ಒಮ್ಮೆ ದಾಟಿ ಹೋಗಿ, ತಿರುಗಿ ನೋಡಿ, ನಗುತ್ತ ವಾಪಸು ಬರುತ್ತಿದ್ದರು. ಅಷ್ಟರಲ್ಲಿ ಹನೂರಿನ ಕಡೆಯ ಬಸ್ಸಿನಿಂದ ಒಬ್ಬ ಅಜ್ಜಿ ಇಳಿದು, ಕೈಚೀಲದ ತುಂಬ ಹಸಿ ಅವರೆಕಾಯಿ ಹೊತ್ತು ಬಂತು. ಬಿಪಿ ಮಾತ್ರೆಗೆಂದು ತಿಂಗಳು ತಿಂಗಳು ಆಸ್ಪತ್ರೆಗೆ ಬರುತ್ತಿತ್ತಂತೆ. ಬಾಗಿಲಲ್ಲಿ ನಿಂತಿದ್ದ ಹಸಿರು ಸೀರೆಯವರನ್ನೇ ಕೇಳಿತು:

‘ನಮ್ ಸಿಸ್ಟ್ರಮ್ಮ ಎಲ್ಲವ್ರೆ ಕಣವ್ವಾ? ಇವತ್ತು ಕಳ್ಸ್ ಕೊಡ್ತಾರಂತಲ್ಲ.’

ಜಯಮ್ಮ ಅಜ್ಜಿಯ ಕೈಯಿಂದ ಚೀಲ ಇಸಿದುಕೊಂಡು, ‘ಅವ್ರು ಆಗ್ಲೇ ಓದ್ರು ಕಣಜ್ಜಿ. ನಾನು ಜಯಮ್ಮ. ಬಾ, ಊಟ ಮಾಡಾವು’ ಎಂದರು.

ಅಜ್ಜಿ ಹುಬ್ಬಿನ ಮೇಲೆ ಕೈಯಿಟ್ಟು ಅವರ ಮುಖವನ್ನು ದಿಟ್ಟಿಸಿತು. ‘ಓಗದ್ ಓದ್ರು, ದನಿಯ ಮಾತ್ರ ನಿನ್ ತಾವೇ ಬುಟ್ಟೋಗವ್ರೆ ಕಣವ್ವ’ ಎಂದು ಅವರ ಕೈ ಹಿಡಿದುಕೊಂಡು ಊಟದ ಕಡೆಗೆ ನಡೆಯಿತು.