ಹನ್ನೊಂದು ಸ್ಕ್ರೂ

ರಿಪೇರಿ ಅಣ್ಣನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡರ ತುದಿಯಲ್ಲೂ ರೇಖೆಗಳೇ ಇರಲಿಲ್ಲ. ಮೂವತ್ತು ವರ್ಷ ಬೆಸುಗೆ ಹಾಕಿ, ಬಿಸಿ ತಂತಿ ಮುಟ್ಟಿ ಮುಟ್ಟಿ ಅಲ್ಲಿನ ಚರ್ಮ ನುಣ್ಣಗಾಗಿ, ಹಳದಿಗಟ್ಟಿ ಹೋಗಿತ್ತು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುತ್ತಿರಲಿಲ್ಲ. ತಿಂಗಳು ತಿಂಗಳೂ ಅವರ ಹೆಂಡತಿಯೇ ಹೋಗಿ ಅಕ್ಕಿ ತರಬೇಕು. “ಸರ್ಕಾರದ ಪ್ರಕಾರ ನಾನು ಇಲ್ಲವೇ ಇಲ್ಲ ಮೇಷ್ಟ್ರೇ, ಮನೆಯಾಗೆ ಇರೋದು ನಮ್ಮಾಕಿ ಒಬ್ಬಳೇ” ಎಂದು ನಗುತ್ತಿದ್ದರು. ಆ ಎರಡು ಬೆರಳುಗಳಲ್ಲಿ ಎಳ್ಳುಕಾಳಿಗಿಂತ ಸಣ್ಣ ಬಿಡಿಭಾಗವನ್ನು ಎತ್ತಿ, ಇಡಬೇಕಾದ ಜಾಗದಲ್ಲೇ ಇಡುತ್ತಿದ್ದರು. ನಾನು ಅದನ್ನು ಎಷ್ಟೋ ಸಲ ಉಸಿರು ಬಿಗಿಹಿಡಿದು ನೋಡಿದ್ದೇನೆ.

ಚಿತ್ರದುರ್ಗದ ಹಳೇ ಊರಿನಲ್ಲಿ, ಕೋಟೆಯ ಕಡೆಗೆ ಏರುವ ಗಲ್ಲಿಯೊಂದರಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಕೋಣೆಯೇ ಅವರ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಶುರುಮಾಡಿದ್ದು ರೇಡಿಯೊದಿಂದ. ಆಮೇಲೆ ಟೀವಿ, ಆಮೇಲೆ ಕಂಪ್ಯೂಟರ್. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಕಡೆಯ ಕುರಿ ಸಾಕುವ ಮನೆತನ. ಅವರಪ್ಪ ಉಣ್ಣೆ ಕತ್ತರಿಸಿದರೆ ಕುರಿಯ ಮೈಮೇಲೆ ಒಂದು ಗೀರೂ ಬೀಳುತ್ತಿರಲಿಲ್ಲವಂತೆ. ತಮ್ಮ ಕೈ ಆ ಕೈಯಿಂದಲೇ ಬಂದದ್ದು ಎಂಬುದು ಅವರ ಏಕೈಕ ಜಂಬ. ಆ ಜಂಬವನ್ನು ಒಂಬತ್ತು ತಿಂಗಳು ಮಣ್ಣುಪಾಲು ಮಾಡಿದವನು ನಾನು. ಅದನ್ನು ಹೇಳದೆ ಅವರ ಬಗ್ಗೆ ಬರೆಯುವುದು ನನ್ನಿಂದ ಆಗುವುದಿಲ್ಲ.

ನಾನು ಹೊಳಲ್ಕೆರೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವರನ್ನು ರಿಪೇರಿ ಅಣ್ಣ ಎಂದು ಕರೆಯುತ್ತಿದ್ದೆ. ಶಾಲೆಯ ಪ್ರೊಜೆಕ್ಟರ್ ಕೆಟ್ಟಾಗ ಯಾರೋ ಅವರ ಅಂಗಡಿ ತೋರಿಸಿದ್ದರು. ಅಲ್ಲಿಂದ ಮುಂದೆ ದುರ್ಗಕ್ಕೆ ಹೋದಾಗಲೆಲ್ಲ ಕೆಲಸವಿರಲಿ ಬಿಡಲಿ, ಆ ಕಿರಿದಾದ ಮೆಟ್ಟಿಲು ಹತ್ತಿ ಅವರ ಪಕ್ಕದ ಸ್ಟೂಲಿನ ಮೇಲೆ ಕೂರುವುದು ನನಗೆ ಅಭ್ಯಾಸವಾಯಿತು. ಅವರು ಯಾವುದೇ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿದರೂ ಮೊದಲು ಒಳಗಿನ ಧೂಳು ನೋಡುತ್ತಿದ್ದರು. ಅಡಿಕೆ ಸಿಪ್ಪೆಯ ನಾರು ಕಂಡರೆ ಭೀಮಸಮುದ್ರದ್ದು, ಮೈದಾ ಹಿಟ್ಟು ಕಂಡರೆ ಬೇಕರಿಯವರದ್ದು. ಒಮ್ಮೆ ಊದಿನಕಡ್ಡಿಯ ಬೂದಿ ಕಂಡು, ಇದು ದೇವರ ಕೋಣೆಯಲ್ಲಿಟ್ಟು ಬಳಸುವ ಲ್ಯಾಪ್‌ಟಾಪು ಅಂದರು. ಅದರ ಒಡೆಯ ಜಾತಕ ಬರೆಯುವವನೇ ಆಗಿದ್ದ.

ಅವರದ್ದೊಂದು ಪದ್ಧತಿ ಇತ್ತು. ಬಿಚ್ಚುವ ಮುಂಚೆ ಒಂದು ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಲ್ಯಾಪ್‌ಟಾಪಿನ ಆಕಾರ ಬರೆದುಕೊಳ್ಳುವರು. ಯಾವ ತೂತಿನಿಂದ ಯಾವ ಸ್ಕ್ರೂ ಬಂತೋ ಅದನ್ನು ರಟ್ಟಿನ ಮೇಲೆ ಅದೇ ಜಾಗದಲ್ಲಿ ಚುಚ್ಚಿ ನಿಲ್ಲಿಸುವರು. ಮುಚ್ಚುವಾಗ ಅಲ್ಲಿಂದ ಅಲ್ಲಿಗೇ. ನೋಡುವುದಕ್ಕೆ ಎಲ್ಲ ಸ್ಕ್ರೂಗಳೂ ಒಂದೇ ಥರ ಇರುತ್ತವೆ, ಆದರೆ ಉದ್ದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಗಿಡ್ಡ ಸ್ಕ್ರೂ ಇರಬೇಕಾದಲ್ಲಿ ಉದ್ದದ್ದು ಹಾಕಿದರೆ ಅದರ ಮೊನೆ ಒಳಗಿನ ಬೋರ್ಡಿಗೆ ಇರಿಯುತ್ತದೆ, ಇವತ್ತಲ್ಲ ನಾಳೆ ಅದರ ಕಥೆ ಮುಗಿದಂತೆ. ಅದಕ್ಕೇ ಬಂದವರಿಗೆಲ್ಲ ಅವರ ಮೊದಲ ಪ್ರಶ್ನೆ ಒಂದೇ: ಇದನ್ನು ಮೊದಲು ಯಾರಾದರೂ ಬಿಚ್ಚಿದ್ದಾರಾ? “ಬೈಯಲ್ಲ, ಇದ್ದದ್ದು ಹೇಳ್ರಿ” ಎಂದು ಜೊತೆಗೆ ಸೇರಿಸುತ್ತಿದ್ದರು.

ಒಂದು ಜನವರಿಯಲ್ಲಿ ನನ್ನ ಲ್ಯಾಪ್‌ಟಾಪ್ ಆನ್ ಆಗಲಿಲ್ಲ. ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗೆ ನಾನು ತಯಾರಿಸಿದ್ದ ಪ್ರಶ್ನೆಪತ್ರಿಕೆಗಳೆಲ್ಲ ಅದರೊಳಗೆ. ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ಹಿಂದಿನ ಮುಚ್ಚಳ ತೆಗೆದು, ರ‍್ಯಾಮ್ ಎಂಬ ಸಣ್ಣ ಪಟ್ಟಿಯನ್ನು ಕಿತ್ತು ಮತ್ತೆ ಕೂರಿಸಿದರೆ ಆಯಿತು, ಐದು ನಿಮಿಷದ ಕೆಲಸ ಅಂದ ಆ ಪುಣ್ಯಾತ್ಮ. ವಿಜ್ಞಾನದ ಮೇಷ್ಟ್ರಿಗೆ ಇಷ್ಟೂ ಬರಬೇಡವೇ? ಬಿಚ್ಚಿದೆ. ಹನ್ನೊಂದು ಸ್ಕ್ರೂಗಳನ್ನೂ ಹಾರ್ಲಿಕ್ಸ್ ಬಾಟಲಿಯ ಮುಚ್ಚಳದಲ್ಲಿ ರಾಶಿ ಹಾಕಿದೆ. ಪಟ್ಟಿ ಕಿತ್ತು ಕೂರಿಸಿ, ಸ್ಕ್ರೂಗಳನ್ನು ಕೈಗೆ ಸಿಕ್ಕಂತೆ ಸಿಕ್ಕ ತೂತಿಗೆ ಹಾಕಿ ಬಿಗಿದೆ. ಅದು ಆಗಲೂ ಆನ್ ಆಗಲಿಲ್ಲ. ಮಾರನೇ ದಿನ ಬೆಳಿಗ್ಗೆ ದುರ್ಗದ ಬಸ್ಸು ಹತ್ತಿದೆ.

ರಿಪೇರಿ ಅಣ್ಣ ಎಂದಿನಂತೆ ಕೇಳಿದರು, ಯಾರಾದರೂ ಬಿಚ್ಚಿದ್ದಾರಾ ಎಂದು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು, ಅವರಲ್ಲೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಅವನೆದುರು ನಾನೇ ಬಿಚ್ಚಿ ಸೋತೆ ಅನ್ನುವುದಕ್ಕೆ ಮನಸ್ಸು ಬರಲಿಲ್ಲ. ಇಲ್ಲ ಅಣ್ಣ, ಯಾರೂ ಮುಟ್ಟಿಲ್ಲ ಅಂದೆ. ಬಾಯಿಂದ ಎಷ್ಟು ಸಲೀಸಾಗಿ ಬಂತು ಅಂತೀರಿ!

ಅವರು ನಂಬಿದರು. ನಂಬದೆ ಇರುವುದಕ್ಕೆ ಅವರಿಗೆ ಕಾರಣವೇ ಇರಲಿಲ್ಲ. ರಟ್ಟಿನ ಮೇಲೆ ಆಕಾರ ಬರೆದರು, ಹನ್ನೊಂದನ್ನೂ ಸಾಲಾಗಿ ಚುಚ್ಚಿದರು. ಒಳಗೆ ಇಣುಕಿ, ಸೀಮೆಸುಣ್ಣದ ಪುಡಿ ತೋರಿಸಿ, ಕರಿಹಲಗೆ ಒರೆಸಿದ ಕೈಯಲ್ಲೇ ಇದನ್ನು ಮುಟ್ಟುತ್ತೀರಲ್ಲ ಎಂದು ರೇಗಿಸಿದರು. ಮಕ್ಕಳು ಪೆನ್ಸಿಲ್ ಗೀಟು ಅಳಿಸುವ ರಬ್ಬರಿನಿಂದ ರ‍್ಯಾಮ್ ಪಟ್ಟಿಯ ಹಲ್ಲುಗಳನ್ನು ತಿಕ್ಕಿ ಕೂರಿಸಿದರು. ಪರದೆ ಬೆಳಗಿತು. ಸ್ಕ್ರೂಗಳನ್ನು ರಟ್ಟಿನಿಂದ ಒಂದೊಂದಾಗಿ ತೆಗೆದು ಬಂದ ತೂತಿಗೇ ಹಾಕಿ ಮುಚ್ಚಿದರು. ನಾನು ಪ್ರಶ್ನೆಪತ್ರಿಕೆ ಮುದ್ರಿಸಿದೆ, ಪರೀಕ್ಷೆಯೂ ನಡೆಯಿತು.

ಮೂರು ವಾರದ ಮೇಲೆ ಅದು ಸಂಪೂರ್ಣ ಸತ್ತಿತು. ಈ ಸಲ ದೀಪವೂ ಇಲ್ಲ. ಮತ್ತೆ ತಗೊಂಡು ಹೋದೆ. ಅವರು ಬಿಚ್ಚಿ, ಬೋರ್ಡನ್ನು ಭೂತಗನ್ನಡಿಯ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ಬಲಮೂಲೆಯಲ್ಲಿ ಸ್ಕ್ರೂ ಮೊನೆ ಇರಿದ ಗುರುತಿತ್ತು. ಅಲ್ಲಿಂದ ತೆಗೆದ ಸ್ಕ್ರೂವನ್ನು ಇನ್ನೊಂದರ ಪಕ್ಕ ನಿಲ್ಲಿಸಿದರು. ಗಿಡ್ಡದ್ದು ಇರಬೇಕಾದ ಕಡೆ ಉದ್ದದ್ದು ಕೂತಿತ್ತು. “ನನ್ನ ಕೈಯಿಂದ್ಲೇ ಆಗೇತೆ ಮೇಷ್ಟ್ರೇ. ಅದಲುಬದಲು ಮಾಡೀನಿ” ಅಂದರು.

ಆಗಲಾದರೂ ಹೇಳಬಹುದಿತ್ತು. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಬಿಡಿ ಅಣ್ಣ, ಆಗುತ್ತೆ ಅಂದೆ. ದೊಡ್ಡ ಮನಸ್ಸಿನವನ ಹಾಗೆ ಕ್ಷಮಿಸಿಬಿಟ್ಟೆ ಅವರನ್ನು! ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಅವರು ಎಲ್ಲಿಂದಲೋ ಅದೇ ಮಾದರಿಯ ಹಳೇ ಬೋರ್ಡು ತರಿಸಿ ಹಾಕಿಕೊಟ್ಟರು. ಏನು ಮಾಡಿದರೂ ದುಡ್ಡು ಮುಟ್ಟಲಿಲ್ಲ.

ಅದಾದ ಮೇಲೆ ಅಂಗಡಿಯ ಬಾಗಿಲಿಗೆ ಒಂದು ಕಾಗದ ಅಂಟಿತು: ಬೋರ್ಡ್ ರಿಪೇರಿ ಮಾಡುವುದಿಲ್ಲ. ಬೆಸುಗೆಯ ಸಾಮಾನು ಕಪಾಟು ಸೇರಿತು. ವಿಂಡೋಸ್ ಹಾಕುವುದು, ಕೀಬೋರ್ಡ್ ಬದಲಿಸುವುದು, ಚಾರ್ಜರ್ ಮಾರುವುದು, ಇಷ್ಟೇ ಉಳಿದದ್ದು. ಹೊಸದುರ್ಗದಿಂದ ಒಬ್ಬ ಹೆಂಗಸು ಬಂದಿದ್ದರು, ಜೆರಾಕ್ಸ್ ಅಂಗಡಿಯವರು. ಅವರ ಲ್ಯಾಪ್‌ಟಾಪಿನ ಬೋರ್ಡು ಹೋಗಿತ್ತು. ನಿಮ್ಮನ್ನೇ ನಂಬಿ ಬಂದೆ ಎಂದು ಅವರು ಎಷ್ಟು ಕೇಳಿಕೊಂಡರೂ ಅಣ್ಣ ಒಪ್ಪಲಿಲ್ಲ. ವಯಸ್ಸಾಯಿತು, ಕೈ ಹಿಡಿತದಲ್ಲಿಲ್ಲ, ನಿಮ್ಮದನ್ನೂ ಹಾಳು ಮಾಡಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಬೇರೆ ಅಂಗಡಿಯ ದಾರಿ ತೋರಿಸಿದರು. ಅಣ್ಣನಿಗೆ ಇನ್ನೂ ಅರವತ್ತು ತುಂಬಿರಲಿಲ್ಲ. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಟೀ ಕುಡಿಯುತ್ತಿದ್ದೆ.

ಇವತ್ತು ಹೇಳಬೇಕು ಎಂದುಕೊಂಡೇ ಹೋಗುತ್ತಿದ್ದೆ, ಹೇಳದೆ ಬರುತ್ತಿದ್ದೆ. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಹೋದಾಗ ಅವರು ಒಂದು ಲ್ಯಾಪ್‌ಟಾಪಿಗೆ ಕೀಬೋರ್ಡ್ ಹಾಕಿ ಮುಚ್ಚುತ್ತಿದ್ದರು. ರಟ್ಟಿನ ಮೇಲಿನ ಸ್ಕ್ರೂಗಳನ್ನು ಎಣಿಸಿದರು, ಮತ್ತೆ ಎಣಿಸಿದರು. ಒಂದನ್ನು ತೆಗೆದು ತೂತಿನ ಹತ್ತಿರ ಒಯ್ದವರು ಹಾಗೇ ನಿಂತರು. ಕೈ ಸಣ್ಣಗೆ ನಡುಗುತ್ತಿತ್ತು. ಅಷ್ಟು ದಿನ ನಾನು ನೋಡಿದ್ದ ಕೈ ಅದಾಗಿರಲಿಲ್ಲ. ಸ್ಕ್ರೂವನ್ನು ನನ್ನ ಅಂಗೈಗೆ ಹಾಕಿದರು.

“ಮೇಷ್ಟ್ರೇ, ನಿಮ್ಮ ಕಣ್ಣು ಚುರುಕೈತೆ. ಇದು ಉದ್ದದ್ದೋ ಗಿಡ್ಡದ್ದೋ ನೋಡಿ ಹೇಳ್ರಿ.”

ಲೋಕದಲ್ಲಿ ನನ್ನನ್ನು ಬಿಟ್ಟು ಬೇರೆ ಯಾರನ್ನಾದರೂ ಅವರು ಕೇಳಬಹುದಿತ್ತು. ಗಿಡ್ಡದ್ದು ಅಣ್ಣ ಅಂದೆ. ಆಮೇಲೆ ತಡೆಯಲಾಗಲಿಲ್ಲ. “ನನ್ನ ಲ್ಯಾಪ್‌ಟಾಪ್ ಮೊದಲು ಬಿಚ್ಚಿದ್ದು ನಾನು. ಸ್ಕ್ರೂ ಅದಲುಬದಲು ಮಾಡಿದ್ದೂ ನಾನೇ. ನಿಮ್ಮ ಕೈ ತಪ್ಪಿರಲಿಲ್ಲ ಅಣ್ಣ” ಎಂದುಬಿಟ್ಟೆ.

ಅವರು ನನ್ನನ್ನು ನೋಡಲಿಲ್ಲ. ಎದ್ದು ಹೋಗಿ, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಒಂದು ರಟ್ಟು ತಂದರು. ನನ್ನ ಲ್ಯಾಪ್‌ಟಾಪಿನದ್ದೇ. ಮತ್ತೊಮ್ಮೆ ಇಂಥ ತಪ್ಪು ಆಗಬಾರದು ಎಂದು ಕಣ್ಣೆದುರು ಇಟ್ಟುಕೊಂಡಿದ್ದರಂತೆ. ಸ್ಕ್ರೂಗಳನ್ನು ಎಲ್ಲಿ ಹಾಕಿಟ್ಟಿದ್ದಿರಿ ಎಂದು ಕೇಳಿದರು. ಒಂದು ಮುಚ್ಚಳದಲ್ಲಿ, ಎಲ್ಲ ಒಟ್ಟಿಗೆ ಅಂದೆ. ಅವರ ಬೆರಳು ರಟ್ಟಿನ ಬಲಮೂಲೆಯ ತೂತಿನ ಮೇಲೆ ನಿಂತಿತು.

“ಹಂಗಾದ್ರೆ ನಾನು ಎಲ್ಲಿಂದ ತೆಗೆದ್ನೋ ಅಲ್ಲಿಗೇ ಹಾಕೀನಿ” ಎಂದು ತಮಗೆ ತಾವೇ ಹೇಳಿಕೊಂಡರು. ನನ್ನ ತಪ್ಪನ್ನು ಒಂದಿಷ್ಟೂ ಕದಲಿಸದೆ, ಅಷ್ಟೇ ಅಚ್ಚುಕಟ್ಟಾಗಿ, ಅವರ ಪದ್ಧತಿ ಮತ್ತೆ ಒಳಗೆ ಕೂರಿಸಿತ್ತು.

ಬೈಯಲಿ ಎಂದು ಕಾದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಒಂಬತ್ತು ತಿಂಗಳು ಮೇಷ್ಟ್ರೇ. ನಮ್ಮಪ್ಪ ಕೊಟ್ಟಿದ್ದು ಇದೊಂದೇ, ಅದೂ ಹೋತು ಅಂತ ಕುಂತಿದ್ದೆ.” ಕನ್ನಡಕ ಮತ್ತೆ ಏರಿಸಿಕೊಂಡು, ನೀವು ಬರುವುದು ಬಿಡಬೇಡಿ, ಆದರೆ ನಿಮ್ಮ ಲ್ಯಾಪ್‌ಟಾಪು ಮಾತ್ರ ಇನ್ನು ಇಲ್ಲಿಗೆ ತರಬೇಡಿ ಅಂದರು. ನನ್ನ ಮಾತು ಕೇಳಿಕೊಂಡು ಕೆಲಸ ಮಾಡುವುದು ಅವರಿಂದ ಇನ್ನು ಆಗುವುದಿಲ್ಲವಂತೆ. ತಲೆ ಎತ್ತದೆ ಹೂಂ ಅಂದೆ.

ಮುಂದಿನ ಸಲ ಹೋದಾಗ ಬಾಗಿಲ ಮೇಲಿನ ಕಾಗದ ಇರಲಿಲ್ಲ. ಕೋಣೆಯ ತುಂಬ ಬೆಸುಗೆಯ ವಾಸನೆ. ಹೊಸದುರ್ಗದ ಆ ಹೆಂಗಸಿಗೆ ಅವರೇ ಫೋನ್ ಮಾಡಿ ಕರೆಸಿಕೊಂಡಿದ್ದರು. ಬೇರೆ ಕಡೆ ಆಗುವುದಿಲ್ಲ ಎಂದು ವಾಪಸು ಕೊಟ್ಟಿದ್ದ ಆ ಬೋರ್ಡು ಅವರ ಮುಂದಿತ್ತು. ನಾನು ಸ್ಟೂಲಿನ ಮೇಲೆ ಕೂತೆ. ನೋಡುತ್ತಾ ಹೋದೆ. ಕೈ ನಡುಗಲಿಲ್ಲ. ಒಂದು ವರ್ಷ, ಅದರ ಮೇಲೆ ಕೆಲವು ತಿಂಗಳು ಹಾಗೇ ನಡೆಯಿತು. ನನ್ನ ಲ್ಯಾಪ್‌ಟಾಪ್ ಮತ್ತೊಮ್ಮೆ ಕೆಟ್ಟಾಗ ದಾವಣಗೆರೆಗೆ ಒಯ್ದು ಮಾಡಿಸಿದೆ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೋದ ವರ್ಷ ಮಾರ್ಚಿನಲ್ಲಿ, ಒಂದು ಬೆಳಿಗ್ಗೆ ಅಂಗಡಿಗೆ ಹೊರಟವರು ಮನೆಯ ಹೊಸ್ತಿಲ ಹತ್ತಿರವೇ ಕುಸಿದರಂತೆ. ಆಸ್ಪತ್ರೆ ತಲುಪುವಷ್ಟರಲ್ಲಿ ಜೀವ ಹೋಗಿತ್ತು. ನನಗೆ ಸುದ್ದಿ ಸಿಕ್ಕಿದ್ದು ಮಣ್ಣು ಮಾಡಿದ ಮೇಲೆ.

ತಿಥಿ ಮುಗಿದ ವಾರಕ್ಕೆ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನೋಡಿದ್ದು ಅದೇ ಮೊದಲು. ಅಂಗಡಿಗೆ ಬರುತ್ತಿದ್ದ ಹೊಳಲ್ಕೆರೆ ಮೇಷ್ಟ್ರು ಅಂದಕೂಡಲೇ ಗುರುತು ಹಿಡಿದರು. ಕುಂತ್ಕಳ್ರಿ ಎಂದು ಚಾಪೆ ಹಾಸಿದರು. ಕಾಫಿ ತಂದು ಕೈಯಲ್ಲಿ ಹಿಡಿದುಕೊಂಡೇ ಮಾತಾಡುತ್ತಾ ನಿಂತರು. ನಡುವೆ ಒಂದು ಕಾಲದಲ್ಲಿ ಅಣ್ಣ ಬಹಳ ಕುಗ್ಗಿಹೋಗಿದ್ದರು, ಆಮೇಲೆ ಯಾರೋ ಬಂದು ತಪ್ಪು ನಿನ್ನದಲ್ಲ ಎಂದು ಹೇಳಿದರಂತೆ ಅಂದರು.

“ಅವತ್ತು ಮನೆಗೆ ಬಂದೋರೇ ನನ್ನ ಮುಂದೆ ಎರಡೂ ಕೈ ಚಾಚಿ ತೋರ್ಸಿದ್ರು. ಒಂದು ಮುದ್ದೆ ಜಾಸ್ತಿ ಉಂಡ್ರು. ಯಾರು ಬಂದಿದ್ರು ಅಂದ್ರೆ ಹೆಸರು ಹೇಳ್ಲಿಲ್ಲ. ಆ ಪುಣ್ಯಾತ್ಮ ಯಾರು ಅಂತ ನಿಮಗೇನಾದ್ರೂ ಗೊತ್ತೈತಾ ಮೇಷ್ಟ್ರೇ? ಒಂದ್ಸಲ ಕೈ ಮುಗೀಬೇಕು ನಾನು.”

ಅಣ್ಣ ನನ್ನ ಹೆಸರನ್ನು ಹೆಂಡತಿಗೂ ಹೇಳದೆ ಹೋಗಿದ್ದರು. ನಾನೇ ಎಂದಷ್ಟೇ ಹೇಳಿ ಸುಮ್ಮನಿದ್ದಿದ್ದರೆ ಆ ಕೈಮುಗಿತವೂ ನನಗೇ ಸಿಗುತ್ತಿತ್ತೇನೋ. “ನಾನೇ ಅಕ್ಕ. ಮೊದಲು ಸುಳ್ಳು ಹೇಳಿ ಅವರನ್ನು ಹಾಗೆ ಮಾಡಿದವನೂ ನಾನೇ” ಅಂದೆ. ಎಲ್ಲವನ್ನೂ ಹೇಳಿದೆ, ಮುಚ್ಚಳದಿಂದ ಹಿಡಿದು.

ಅವರು ಕೈಯಲ್ಲಿದ್ದ ಕಾಫಿ ಲೋಟವನ್ನು ನನಗೆ ಕೊಡದೆ ಒಳಗೆ ತಗೊಂಡು ಹೋದರು. ಬಹಳ ಹೊತ್ತು ಬರಲಿಲ್ಲ. ಎದ್ದು ಹೋಗಲೋ ಕೂರಲೋ ತಿಳಿಯದೆ ಚಾಪೆಯ ಮೇಲೇ ಕೂತಿದ್ದೆ. ಕೊನೆಗೆ ಅದೇ ಲೋಟ ಹಿಡಿದು ಬಂದು ಎದುರಿಗೆ ಕೂತರು. ಕಣ್ಣು ಕೆಂಪಾಗಿತ್ತು.

“ಒಂಬತ್ತು ತಿಂಗಳು ಆ ಮನುಷ್ಯ ಕೈ ಸೋತೋತು ಅಂತ ನನ್ನ ಮುಂದೆ ಅತ್ತಾರೆ. ಅದು ನಿಮಗೆ ಗೊತ್ತಿರ್ಲಿ ಮೇಷ್ಟ್ರೇ.”

ಆಮೇಲೆ ಲೋಟವನ್ನು ನನ್ನ ಕಡೆ ಸರಿಸಿದರು. “ಆರೋಗಿತ್ತು, ಬಿಸಿ ಮಾಡ್ಕೊಂಡು ಬಂದೀನಿ. ಕುಡೀರಿ.”

ನಾನು ಕುಡಿದೆ.